ದುಡಿಮೆಯ ಜಾಗದಲ್ಲಿ ನಾಯಿ, ಬೆಕ್ಕು

ಕೆಲಸ ಮಾಡುವ ಜಾಗದಲ್ಲಿ ನಾಯಿಯೋ ಬೆಕ್ಕೋ ಇದ್ದರೆ ಅಲ್ಲಿ ದುಡಿಯುವವರ ಮನಸ್ಸಿನ ಬಿಗಿ ಸಡಿಲವಾಗುತ್ತದೆ, ಒಬ್ಬರೊಂದಿಗೊಬ್ಬರು ಮಾತಾಡಲು ನೆಪ ಸಿಗುತ್ತದೆ, ಇಲಿಗಳ ಕಾಟ ತಗ್ಗುತ್ತದೆ, ರಾತ್ರಿಯ ಕಾವಲಿಗೆ ಬಲ ಬರುತ್ತದೆ. ಈ ಲಾಭಗಳು ಎಲ್ಲ ಕಸುಬಿಗೂ ಒಂದೇ ಅಳತೆಯಲ್ಲಿ ದಕ್ಕುವುದಿಲ್ಲ. ಕಂಪ್ಯೂಟರ್ ಮುಂದೆ ಕೂತು ಮಾಡುವ ಕೆಲಸದಲ್ಲಿ ಮೊದಲಿನ ಎರಡು ಮುಖ್ಯವಾದರೆ, ರೇಷ್ಮೆ ಹುಳು ಮನೆ, ಮಂಡಿ, ತೋಟ, ಗೋದಾಮುಗಳಲ್ಲಿ ಕೊನೆಯ ಎರಡಕ್ಕೆ ತೂಕ ಹೆಚ್ಚು. ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿ, ಗೌರಿಬಿದನೂರು ಈ ನಾಲ್ಕೂ ಊರುಗಳ ಸುತ್ತ ಎರಡೂ ಬಗೆಯ ದುಡಿಮೆ ಇದೆ. ಪ್ರಾಣಿ ಎಲ್ಲಿ ಒದಗಿ ಬರುತ್ತದೆ, ಎಲ್ಲಿ ಅದನ್ನು ಹೊಸ್ತಿಲ ಆಚೆಗೇ ನಿಲ್ಲಿಸಬೇಕು ಎಂಬುದನ್ನು ನೋಡಲು ಈ ಸೀಮೆ ಹೇಳಿ ಮಾಡಿಸಿದಂತಿದೆ.

2007ರಲ್ಲಿ ಕೋಲಾರದಿಂದ ಬೇರೆಯಾದ ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿಯಿಲ್ಲ. ಕೆರೆ, ಕೊಳವೆಬಾವಿಗಳನ್ನು ನಂಬಿದ ಒಕ್ಕಲುತನ ಇಲ್ಲಿಯದು. ಎಷ್ಟೋ ಮನೆಗಳಲ್ಲಿ ಸಂಸಾರ ತೂಗಿಸುವುದು ರೇಷ್ಮೆ ಮತ್ತು ಹಾಲು. ಮನೆಗೆ ತಾಗಿದಂತೆಯೇ ಹುಳು ಮನೆ, ಅದರ ಪಕ್ಕದಲ್ಲಿ ದನದ ಕೊಟ್ಟಿಗೆ, ಹಿಂದೆ ಹಿಪ್ಪುನೇರಳೆ ತೋಟ. ವಾಸದ ಮನೆ ಎಲ್ಲಿ ಮುಗಿದು ಕೆಲಸದ ಜಾಗ ಎಲ್ಲಿ ಶುರುವಾಯಿತು ಎಂದು ಗೆರೆ ಎಳೆಯಲು ಆಗದಂಥ ಕಡೆ, ಮನೆಯ ನಾಯಿ ಬೆಕ್ಕುಗಳು ತಾವಾಗಿಯೇ ಕೆಲಸದ ಜಾಗದ ಪ್ರಾಣಿಗಳೂ ಆಗಿರುತ್ತವೆ. ಅವುಗಳನ್ನು ಒಳಗೆ ಬಿಡಬೇಕೇ ಎಂದು ಯಾರೂ ಕೇಳಿದ್ದಿಲ್ಲ. ಅವುಗಳ ಹೊಣೆ ಯಾರದು ಎಂದೂ ಯಾರೂ ಕೇಳಿದ್ದಿಲ್ಲ. ಈ ಎರಡನೆಯ ಪ್ರಶ್ನೆ ಹಾಗೇ ಉಳಿದಿರುವುದರಿಂದಲೇ ಪ್ರಾಣಿಗಳಿಂದ ಸಿಗಬೇಕಾದ ಅನುಕೂಲದಲ್ಲಿ ಅರ್ಧ ಕೈತಪ್ಪುತ್ತಿದೆ.

ಮೊದಲು ರೇಷ್ಮೆಯ ಮಾತು. ಮೊಟ್ಟೆಯೊಡೆದು ಬಂದ ಹುಳು ಸುಮಾರು 25 ದಿನ ಸೊಪ್ಪು ತಿಂದು, ನಾಲ್ಕು ಜ್ವರ (ಪೊರೆ ಬಿಡುವ ನಿದ್ದೆ) ಕಳೆದು, ಹಣ್ಣಾಗಿ, ಗೂಡು ಕಟ್ಟಲು ಚಂದ್ರಿಕೆ ಏರುತ್ತದೆ. ತಿನ್ನುವ ಸೊಪ್ಪಿನಲ್ಲಿ ನೂರಕ್ಕೆ ಎಂಬತ್ತು ಪಾಲಿಗಿಂತ ಹೆಚ್ಚು ನಾಲ್ಕನೆಯ ಜ್ವರದಿಂದೆದ್ದ ಮೇಲಿನ ಕೊನೆಯ ಒಂದು ವಾರದ್ದು. ಆ ವಾರ ಮನೆಮಂದಿಗೆ ನಿದ್ದೆಯಿಲ್ಲ. ರೈತನ ಅಷ್ಟೂ ದಿನದ ದುಡಿಮೆ, ಸಾಲ ತಂದು ಹಾಕಿದ ದುಡ್ಡು ಎಲ್ಲವೂ ಸ್ಟ್ಯಾಂಡಿನ ಮೇಲೆ ಹರಡಿಕೊಂಡಿರುತ್ತದೆ. ಇಲಿ ನುಗ್ಗುವುದೂ ಆಗಲೇ. ಇಲಿಗೆ ಬಲಿತ ಹುಳುವೂ ಇಷ್ಟ, ಗೂಡಿನೊಳಗಿನ ಕೋಶವೂ ಇಷ್ಟ. ಒಂದು ರಾತ್ರಿ ಒಳಹೊಕ್ಕ ಇಲಿ ತಿನ್ನುವುದಕ್ಕಿಂತ ಕೆಡಿಸುವುದೇ ಹೆಚ್ಚು. ಕಚ್ಚಿ ತೂತು ಬಿದ್ದ ಗೂಡಿನಿಂದ ನೂಲಿನ ಎಳೆ ಒಂದೇ ಸಮ ಬಿಚ್ಚಿಕೊಳ್ಳುವುದಿಲ್ಲ, ಮಾರುಕಟ್ಟೆಯಲ್ಲಿ ಆ ಲಾಟಿಗೆ ಬೆಲೆ ಬೀಳುತ್ತದೆ.

ಇದಕ್ಕೆ ಬೆಕ್ಕೇ ಮದ್ದು ಎಂಬ ತಿಳಿವಳಿಕೆ ರೇಷ್ಮೆ ಬೆಳೆಯುವ ನಾಡುಗಳಲ್ಲಿ ಹಳೆಯದು. ಜಪಾನಿನಲ್ಲಿ ಅದು ಪೂಜೆಯವರೆಗೂ ಹೋಯಿತು. ಕ್ಯೋಟೋ ಪ್ರಾಂತ್ಯದ ಕ್ಯೋಟಾಂಗೋ, ತಾಂಗೋ ಚಿರಿಮೆನ್ ಎಂಬ ರೇಷ್ಮೆ ಬಟ್ಟೆಗೆ ಹೆಸರಾದ ಊರು. ಅಲ್ಲಿನ ಕೊಟೊಹಿರಾ ಗುಡಿಯ ಆವರಣದಲ್ಲಿ, ಬೇರೆ ಗುಡಿಗಳಲ್ಲಿ ಸಿಂಹದಂಥ ಕಾವಲು ಮೂರ್ತಿಗಳಿರುವ ಜಾಗದಲ್ಲಿ, 19ನೇ ಶತಮಾನದಲ್ಲಿ ಮಾಡಿಸಿಟ್ಟ ಎರಡು ಕಲ್ಲಿನ ಬೆಕ್ಕುಗಳಿವೆ. ರೇಷ್ಮೆಯನ್ನು ಇಲಿಯಿಂದ ಕಾಪಾಡಿದ ಪ್ರಾಣಿಗೆ ನೇಕಾರರೂ ವ್ಯಾಪಾರಿಗಳೂ ಕೊಟ್ಟ ಸ್ಥಾನ ಅದು. ಮಿಯಾಗಿ ಪ್ರಾಂತ್ಯದ ತಶಿರೋಜಿಮಾ ದ್ವೀಪ ಇಂದು ಬೆಕ್ಕುಗಳ ದ್ವೀಪವೆಂದು ಪ್ರವಾಸಿಗರಿಗೆ ಪರಿಚಿತ. ಅಲ್ಲಿ ಬೆಕ್ಕುಗಳನ್ನು ಸಾಕತೊಡಗಿದ್ದೂ ಹಿಂದೆ ಆ ದ್ವೀಪದಲ್ಲಿದ್ದ ರೇಷ್ಮೆ ಹುಳುಗಳನ್ನು ಉಳಿಸಿಕೊಳ್ಳಲೆಂದೇ.

ಶಿಡ್ಲಘಟ್ಟದ ಹುಳು ಮನೆಗೆ ಈ ಪಾಠವನ್ನು ಇದ್ದ ಹಾಗೇ ತರಲು ಬರುವುದಿಲ್ಲ. ಈಗಿನ ಹುಳು ಸಾಕಣೆ ನಿಂತಿರುವುದು ಶುಚಿಯ ಮೇಲೆ. ಬೆಳೆ ಇಳಿದ ಮೇಲೆ ಮನೆಯನ್ನೂ ಸಲಕರಣೆಗಳನ್ನೂ ತೊಳೆದು ಬ್ಲೀಚಿಂಗ್ ಪುಡಿಯ ದ್ರಾವಣದಿಂದ ಸೋಂಕು ಕಳೆಯುತ್ತಾರೆ. ಒಳಗೆ ಹೋಗುವವರು ಚಪ್ಪಲಿ ಹೊರಗೆ ಬಿಟ್ಟು, ಕೈಕಾಲು ತೊಳೆದು, ಬಾಗಿಲಲ್ಲಿ ಹರಡಿದ ಸುಣ್ಣದ ಪುಡಿ ತುಳಿದೇ ಹೋಗಬೇಕು. ಗಂಟು ರೋಗ, ಹಾಲು ತೊಂಡೆ, ಸಪ್ಪೆ ರೋಗ, ಸುಣ್ಣಕಟ್ಟು ಇವುಗಳಲ್ಲಿ ಯಾವುದು ಒಳಬಂದರೂ ಬೆಳೆ ಕೈಬಿಟ್ಟ ಹಾಗೆಯೇ. 1980ರಲ್ಲಿ ಪಶ್ಚಿಮ ಬಂಗಾಳದ ಕಡೆಯಿಂದ ಕರ್ನಾಟಕಕ್ಕೆ ಬಂದ, ಹುಳುವಿನ ಶತ್ರುವಾದ ಊಜಿ ನೊಣ ಕಿಟಕಿ ಬಾಗಿಲುಗಳಿಗೆಲ್ಲ ನೈಲಾನ್ ಬಲೆ ಹೊಡೆಸಿತು. ಇಷ್ಟು ಕಟ್ಟುನಿಟ್ಟಿನ ಜಾಗಕ್ಕೆ, ತಿಪ್ಪೆ ಮೇಲೆ ಓಡಾಡಿ ಬಂದ ಬೆಕ್ಕು ಕಾಲಿಡುವುದು ಸಲ್ಲದು. ಬೆಕ್ಕಿಗೂ ಹರಿದಾಡುವ ಹುಳು ಆಟದ ಸಾಮಾನೇ.

ಹಾಗಾದರೆ ಬೆಕ್ಕಿನ ಜಾಗ ಯಾವುದು? ಹುಳು ಮನೆಯ ಹೊರಗಿನ ಅಂಗಳ, ಸೊಪ್ಪು ರಾಶಿ ಹಾಕುವ ಕೋಣೆಯ ಬಾಗಿಲು, ಮೇವಿನ ಬಣವೆ, ಕೊಟ್ಟಿಗೆ, ಚಂದ್ರಿಕೆಗಳನ್ನು ಪೇರಿಸಿಟ್ಟ ಚಾವಣಿ. ಇಲಿ ಮರಿ ಹಾಕುವುದು ಇಂಥಲ್ಲೇ. ಹುಳು ಮನೆಗೆ ಅದು ಬರುವುದು ಅಲ್ಲಿಂದಲೇ. ಬೆಕ್ಕು ಹೊರಗಡೆಯೇ ಓಡಾಡಿಕೊಂಡಿದ್ದರೆ ಒಳಗೆ ಬರುವ ಇಲಿಯ ಧೈರ್ಯ ಕುಗ್ಗುತ್ತದೆ. ಬೆಕ್ಕು ಎಷ್ಟು ಇಲಿ ಹಿಡಿಯುತ್ತದೆ ಎಂಬ ಬಗ್ಗೆ ಜನರಲ್ಲಿರುವ ನಂಬಿಕೆ ಮಾತ್ರ ಸ್ವಲ್ಪ ಅತಿಯಾದದ್ದು. ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಕಸ ಮರುಬಳಕೆ ಮಾಡುವ ಘಟಕವೊಂದರಲ್ಲಿ ಸಂಶೋಧಕರು ಕ್ಯಾಮೆರಾ ಇಟ್ಟು 79 ದಿನ ಗಮನಿಸಿ, 2018ರಲ್ಲಿ ಫಲಿತಾಂಶ ಪ್ರಕಟಿಸಿದರು. ಬೆಕ್ಕುಗಳು ಅಷ್ಟು ದಿನದಲ್ಲಿ ಕೊಂದದ್ದು ಎರಡೇ ಇಲಿ. ಆದರೆ ಬೆಕ್ಕು ಸುಳಿದಾಡಿದ ದಿನಗಳಲ್ಲಿ ಇಲಿಗಳು ಬಯಲಿಗೆ ಬರುವುದು ಕಡಿಮೆಯಾಗಿತ್ತು. ಬಲಿತ ಹೆಗ್ಗಣದ ತಂಟೆಗೆ ಬೆಕ್ಕು ಹೋಗುವುದಿಲ್ಲ. ಸುಂಡಿಲಿ, ಮರಿ ಇಲಿಗಳ ಮೇಲೆ ಅದರ ಕೈ ಸಾಗುತ್ತದೆ. ಗೋಡೆಯ ಬಿಲ ಮುಚ್ಚಿ, ಬಾಗಿಲ ಕೆಳಗೆ ತಗಡು ಹೊಡೆದು, ಆಮೇಲೆ ಬೆಕ್ಕನ್ನು ನೆಚ್ಚುವುದು ಸರಿಯಾದ ಕ್ರಮ.

ಬೆಕ್ಕು ಸಾಕುವ ಮನೆಯಲ್ಲಿ ಇಲಿ ಪಾಷಾಣ ಇಡಬಾರದು ಎಂಬುದನ್ನು ಒತ್ತಿ ಹೇಳಬೇಕು. ಪಾಷಾಣ ತಿಂದು ತೂರಾಡುವ ಇಲಿ ಬೆಕ್ಕಿಗೆ ಸುಲಭದ ಬೇಟೆ, ವಿಷ ಅದರ ಹೊಟ್ಟೆಗೂ ಸೇರುತ್ತದೆ. ಇದಕ್ಕೆ ತಿರುಗುಮುರುಗಾದ ಅಪಾಯ ಇನ್ನೊಂದಿದೆ, ಅದು ರೇಷ್ಮೆ ಬೆಳೆಗಾರರಲ್ಲಿ ಸಾಕಷ್ಟು ಮಂದಿಯ ಗಮನಕ್ಕೆ ಬಂದಿಲ್ಲ. ನಾಯಿಯ ಮೈಯಲ್ಲಿ ಉಣ್ಣೆಯಾದಾಗ ಹಾಕುವ ಪುಡಿ, ತೊಳೆಯುವ ದ್ರಾವಣ, ಬೆನ್ನಿಗೆ ಬಿಡುವ ಹನಿ ಇವೆಲ್ಲ ಕೀಟನಾಶಕಗಳೇ. ರೇಷ್ಮೆ ಹುಳುವೂ ಕೀಟವೇ, ಅದರಲ್ಲೂ ತೀರಾ ನಾಜೂಕಿನದು. ನಾಯಿಗೆ ಉಣ್ಣೆ ಮದ್ದು ಹಚ್ಚಿದ ಕೈ ಸೊಪ್ಪು ಮುಟ್ಟಿದರೆ, ಮದ್ದು ಹಾಕಿದ ನಾಯಿ ಸೊಪ್ಪಿನ ರಾಶಿಯ ಮೇಲೆ ಮಲಗೆದ್ದರೆ, ಹುಳು ಹಸಿರು ಕಕ್ಕಿ ಸಾಯುವುದನ್ನು ನೋಡಬೇಕಾಗುತ್ತದೆ. ಉಣ್ಣೆ ಮದ್ದಿಗೆ ಒಂದು ಬೆಳೆ ಮುಗಿದು ಇನ್ನೊಂದರ ಚಾಕಿ (ಎಳೆಯ ಹುಳು) ಮನೆಗೆ ಬರುವ ನಡುವಿನ ಬಿಡುವೇ ತಕ್ಕ ಸಮಯ. ಆ ಕೆಲಸವನ್ನು ಹುಳು ಮನೆಗೆ ಹೋಗದವರು ಮಾಡಿದರೆ ಇನ್ನೂ ಒಳ್ಳೆಯದು. ಚಿಂತಾಮಣಿ ಬಳಿಯ ಕುರುಬೂರಿನಲ್ಲಿ ರೇಷ್ಮೆ ಕೃಷಿ ಮಹಾವಿದ್ಯಾಲಯವೇ ಇದೆ. ರೈತರಿಗೆ ಕೊಡುವ ತರಬೇತಿಯಲ್ಲಿ ಮನೆಯ ಸಾಕುಪ್ರಾಣಿಗಳ ಬಗ್ಗೆ ಅರ್ಧ ಗಂಟೆ ಮೀಸಲಿಟ್ಟರೂ ಎಷ್ಟೋ ನಷ್ಟ ತಪ್ಪುತ್ತದೆ.

ಗೂಡು ಬಿಚ್ಚುವ ಫಿಲೇಚರ್‌ಗಳ ಲೆಕ್ಕ ಬೇರೆ. ಬಾಯ್ಲರಿನ ಹಬೆ, ಕುದಿಯುವ ನೀರಿನ ಬೇಸಿನ್‌ಗಳು, ತಿರುಗುವ ರಾಟೆಗಳು, ಓಡುವ ಬೆಲ್ಟುಗಳ ನಡುವೆ ಪ್ರಾಣಿಗೂ ಅಪಾಯ, ಅದನ್ನು ತಪ್ಪಿಸಲು ಹೋದ ಕೆಲಸಗಾರರ ಕೈಗೂ ಅಪಾಯ. ಇಲ್ಲಿ ದುಡಿಯುವವರಲ್ಲಿ ರೇಷ್ಮೆಯ ಧೂಳಿನಿಂದ ಉಬ್ಬಸ, ಮೂಗು ಸೋರುವಿಕೆ ಬರುವುದು ವೈದ್ಯರಿಗೆ ಗೊತ್ತಿರುವ ಸಂಗತಿ. ಅಂಥವರಿಗೆ ಬೆಕ್ಕಿನ ಕೂದಲು ಇನ್ನಷ್ಟು ತೊಂದರೆ ಕೊಡಬಹುದು. ಹಾಗಾಗಿ ಬೆಕ್ಕು ಗೂಡಿನ ದಾಸ್ತಾನು ಕೋಣೆಯ ಆಚೀಚೆ, ನಾಯಿ ಗೇಟಿನ ಬಳಿ ಇದ್ದರೆ ಸಾಕು. ಶಿಡ್ಲಘಟ್ಟದ ರೀಲರ್‌ಗಳಲ್ಲಿ ಮುಸ್ಲಿಮರು ಬಹಳ. ನಾಯಿಯ ಜೊಲ್ಲು ತಾಕಿದ ಬಟ್ಟೆಯನ್ನು, ಪಾತ್ರೆಯನ್ನು ತೊಳೆದು ಶುದ್ಧ ಮಾಡಬೇಕೆಂಬ ನಿಯಮ ಇಸ್ಲಾಮಿನ ಹಲವು ಪಂಥಗಳಲ್ಲಿದೆ. ಬೆಕ್ಕಿಗೆ ಆ ಕಟ್ಟುಪಾಡಿಲ್ಲ. ಕೆಲಸದ ನಡುವೆ ನಮಾಜಿಗೆ ಹೋಗುವವರಿರುವ ಘಟಕದಲ್ಲಿ ಯಾವ ಪ್ರಾಣಿ, ಎಲ್ಲಿಯವರೆಗೆ ಎಂಬುದನ್ನು ಅವರನ್ನು ಕೇಳಿಯೇ ತೀರ್ಮಾನಿಸುವುದು ಮರ್ಯಾದೆ. ನಾಯಿಗೆ ಹೆದರುವ ಹೆಣ್ಣುಮಕ್ಕಳು, ಚಿಕ್ಕಂದಿನಲ್ಲಿ ಕಚ್ಚಿಸಿಕೊಂಡವರು ಇರುವ ಕಡೆಯೂ ಇದೇ ಮಾತು. ಇಬ್ಬರ ಪ್ರೀತಿಗಾಗಿ ಮೂರನೆಯವರು ದಿನವಿಡೀ ಮುದುಡಿಕೊಂಡು ಕೂರಬೇಕಾದರೆ ಅದು ಲಾಭವೆನಿಸುವುದಿಲ್ಲ.

ನಾಯಿಯ ನಿಜವಾದ ಕೆಲಸದ ಜಾಗ ತೋಟ ಮತ್ತು ಹೊಲ. ನಂದಿ ಬೆಟ್ಟದ ತಪ್ಪಲಿನ ದ್ರಾಕ್ಷಿ ತೋಟಗಳು, ಚಿಂತಾಮಣಿ ಕಡೆಯ ಟೊಮೆಟೊ ಹೊಲ, ಮಾವಿನ ತೋಪುಗಳು, ಊರಾಚೆಯ ಕೋಳಿ ಫಾರಂಗಳು, ಕುರಿ ಹಟ್ಟಿಗಳು ಇಲ್ಲೆಲ್ಲ ನಾಯಿಯಿಲ್ಲದೆ ರಾತ್ರಿ ಕಳೆಯುವುದು ಕಷ್ಟ. 2023ರ ಜುಲೈನಲ್ಲಿ ಕೋಲಾರದ ಮಾರುಕಟ್ಟೆಯಲ್ಲಿ 15 ಕಿಲೋ ಟೊಮೆಟೊ ಬಾಕ್ಸಿನ ಬೆಲೆ 2,000 ರೂಪಾಯಿ ದಾಟಿದಾಗ ಹೊಲ ಕಾಯುವುದೇ ದೊಡ್ಡ ಕೆಲಸವಾಗಿತ್ತು. ಆಳು ಇಟ್ಟು ಕಾಯಿಸುವಷ್ಟು ದುಡ್ಡು ಸಣ್ಣ ರೈತನ ಬಳಿ ಇರುವುದಿಲ್ಲ. ಕೊನೆಯ ಜ್ವರ ಕಳೆದ ಹುಳಕ್ಕೆ ರಾತ್ರಿ ಹತ್ತರ ಮೇಲೆ ಸೊಪ್ಪು ಹಾಕಲು ಬ್ಯಾಟರಿ ಹಿಡಿದು ಅಂಗಳಕ್ಕಿಳಿದಾಗ ನಾಯಿ ನಾಲ್ಕು ಹೆಜ್ಜೆ ಮುಂದೆ ಓಡುತ್ತದೆ. ದಾರಿಗೆ ಹಾವು ಅಡ್ಡ ಬಂದರೆ ಅದು ನಿಂತು ಬೊಗಳುವ ರೀತಿಯೇ ಬೇರೆ, ಮನುಷ್ಯರು ಬಂದರೆ ಬೊಗಳುವ ರೀತಿಯೇ ಬೇರೆ. ಸಾಕಿದವರಿಗೆ ಎರಡೂ ತಿಳಿಯುತ್ತದೆ. ಒಂಟಿಯಾಗಿ ರಾತ್ರಿಪಾಳಿ ಮಾಡುವವರಿಗೆ, ಅವರು ತೋಟದ ಮಾಲಿಯಾಗಿರಲಿ, ಪೆಟ್ರೋಲ್ ಬಂಕಿನ ಹುಡುಗನಾಗಿರಲಿ, ಗೌರಿಬಿದನೂರಿನ ಕಾರ್ಖಾನೆಯ ಗೇಟಿನಲ್ಲಿರುವ ವಾಚ್‌ಮನ್ ಆಗಿರಲಿ, ಆ ಧೈರ್ಯದ ಬೆಲೆ ಸಂಬಳದ ಲೆಕ್ಕಕ್ಕೆ ಸಿಗುವಂಥದ್ದಲ್ಲ.

ಕಾವಲಿಗೆ ಊರ ನಾಯಿಯೇ ಸಾಕು. ಇಲ್ಲಿನ ಬಿಸಿಲಿಗೆ ಹೊಂದಿಕೊಂಡ ಮೈ, ರಾಗಿ ಮುದ್ದೆಗೆ ಒಂದಿಷ್ಟು ಹಾಲು ಮಜ್ಜಿಗೆ ಹಾಕಿ ಕೊಟ್ಟರೂ ತಿನ್ನುವ ಹೊಟ್ಟೆ. ವಾರಕ್ಕೆರಡು ಸಲ ಮೊಟ್ಟೆಯನ್ನೋ ಮಾಂಸವನ್ನೋ ಸೇರಿಸಿದರೆ ಇನ್ನೂ ಒಳ್ಳೆಯದು. ಹಿಮದ ನಾಡಿನ ದಟ್ಟ ಕೂದಲ ತಳಿಗಳನ್ನು ತಂದು ಏಪ್ರಿಲ್ ಬಿಸಿಲಿನಲ್ಲಿ ತೋಟದ ಶೆಡ್ಡಿಗೆ ಕಟ್ಟಿಹಾಕುವುದು ಹಿಂಸೆ. ನಾಡಿನ ತಳಿಯೇ ಬೇಕೆನ್ನುವವರಿಗೆ ಬಾಗಲಕೋಟೆ ಜಿಲ್ಲೆಯ ಮುಧೋಳ ನಾಯಿ ಇದೆ. ಸೇನೆಯೂ ಅದನ್ನು 2016ರಲ್ಲಿ ತರಬೇತಿಗೆ ತೆಗೆದುಕೊಂಡಿತು. ಆದರೆ ಅದು ಓಡಲೆಂದೇ ಹುಟ್ಟಿದ ಬೇಟೆ ನಾಯಿ. ಸರಪಳಿಗೆ ಕಟ್ಟಿ ಗೇಟು ಕಾಯಿಸಲು ಒಗ್ಗುವ ಜೀವವಲ್ಲ. ತೋಟದ ನಾಯಿಗಳ ವಿಷಯದಲ್ಲಿ ಈ ಸೀಮೆಯವರು ತಿಳಿದಿರಬೇಕಾದ ಸಂಗತಿ ಇನ್ನೆರಡು. ದ್ರಾಕ್ಷಿ ನಾಯಿಗೆ ವಿಷ. ಹಣ್ಣಾಗಲಿ ಒಣದ್ರಾಕ್ಷಿಯಾಗಲಿ ತಿಂದ ಕೆಲವು ನಾಯಿಗಳಲ್ಲಿ ಮೂತ್ರಪಿಂಡವೇ ಕೈಕೊಡುತ್ತದೆ. ಎಷ್ಟು ತಿಂದರೆ ಅಪಾಯ ಎಂದು ಅಳತೆ ಹೇಳಲು ಬಾರದ್ದರಿಂದ, ಉದುರಿದ ಗೊಂಚಲು ನಾಯಿಯ ಬಾಯಿಗೆ ಸಿಗದಂತೆ ನೋಡಿಕೊಳ್ಳುವುದೊಂದೇ ದಾರಿ. ಬೆಟ್ಟದ ಸಾಲಿನಲ್ಲಿ ಚಿರತೆಯ ಓಡಾಟವಿರುವ ಕಡೆ ರಾತ್ರಿ ನಾಯಿಯನ್ನು ಬಯಲಿನಲ್ಲಿ ಕಟ್ಟಿಹಾಕಿದರೆ ಚಿರತೆಗೆ ತುತ್ತು ಇಟ್ಟಂತಾಗುತ್ತದೆ. ಕತ್ತಲಾದ ಮೇಲೆ ಅದಕ್ಕೆ ಬಾಗಿಲಿರುವ ಗೂಡು ಬೇಕು.

ಇನ್ನು ಮನಸ್ಸಿನ ಮಾತು. ಪ್ರಾಣಿ ಮುಟ್ಟಿದರೆ ಹಾಯೆನಿಸುತ್ತದೆ ಎಂಬ ಅನುಭವಕ್ಕೆ ವಿಜ್ಞಾನದ ಅಳತೆಗೋಲು ಸಿಕ್ಕಿದ್ದು ಈಚೆಗೆ. ಅಮೆರಿಕದ ವಾಷಿಂಗ್ಟನ್ ಸ್ಟೇಟ್ ವಿಶ್ವವಿದ್ಯಾಲಯದ ಸಂಶೋಧಕರು 249 ವಿದ್ಯಾರ್ಥಿಗಳನ್ನು ಗುಂಪುಗಳಾಗಿ ವಿಂಗಡಿಸಿದರು. ಒಂದು ಗುಂಪಿಗೆ ನಾಯಿ ಬೆಕ್ಕುಗಳ ಮೈ ಸವರಲು 10 ನಿಮಿಷ ಕೊಟ್ಟರು. ಉಳಿದವರು ದೂರದಿಂದ ನೋಡಿದರು, ಚಿತ್ರ ನೋಡಿದರು, ಇಲ್ಲವೇ ಸುಮ್ಮನೆ ಕಾದರು. ಒತ್ತಡದಲ್ಲಿ ಏರುವ ಕಾರ್ಟಿಸಾಲ್ ಎಂಬ ಹಾರ್ಮೋನಿನ ಮಟ್ಟ ಜೊಲ್ಲಿನಲ್ಲಿ ಹೆಚ್ಚು ಇಳಿದದ್ದು ಮುಟ್ಟಿ ಸವರಿದವರಲ್ಲಿ. 2019ರಲ್ಲಿ ಇದು ಪ್ರಕಟವಾಯಿತು. ಅದಕ್ಕೂ ಮೊದಲು, 2015ರಲ್ಲಿ, ಜಪಾನಿನ ಅಜಾಬು ವಿಶ್ವವಿದ್ಯಾಲಯದವರು ನಾಯಿ ಮತ್ತು ಅದರ ಒಡೆಯ ಒಬ್ಬರ ಕಣ್ಣಲ್ಲೊಬ್ಬರು ಕಣ್ಣಿಟ್ಟು ನೋಡುವಾಗ ಇಬ್ಬರಲ್ಲೂ ಆಕ್ಸಿಟೋಸಿನ್ ಏರುವುದನ್ನು ತೋರಿಸಿದ್ದರು. ತಾಯಿ ಮಗುವಿನ ನಂಟನ್ನು ಗಟ್ಟಿ ಮಾಡುವ ಹಾರ್ಮೋನು ಇದೇ. ಮನುಷ್ಯರು ಸಾಕಿದ ತೋಳಗಳಲ್ಲಿ ಈ ಬದಲಾವಣೆ ಕಾಣಲಿಲ್ಲ.

ಕೆಲಸದ ಜಾಗದಲ್ಲೇ ಮಾಡಿದ ಅಧ್ಯಯನಗಳು ಕೆಲವೇ. ಅವುಗಳಲ್ಲಿ ಹೆಚ್ಚು ಹೆಸರಾದದ್ದು ವರ್ಜೀನಿಯಾ ಕಾಮನ್‌ವೆಲ್ತ್ ವಿಶ್ವವಿದ್ಯಾಲಯದ ರಾಂಡಾಲ್ಫ್ ಬಾರ್ಕರ್ ಮತ್ತು ಸಂಗಡಿಗರು 2012ರಲ್ಲಿ ಪ್ರಕಟಿಸಿದ್ದು. ನಾರ್ತ್ ಕ್ಯಾರೊಲಿನಾದಲ್ಲಿ ಪಿಂಗಾಣಿ, ಗಾಜಿನ ಪಾತ್ರೆ ಮಾರುವ ರಿಪ್ಲೇಸ್‌ಮೆಂಟ್ಸ್ ಎಂಬ ಕಂಪನಿ ನೌಕರರಿಗೆ ನಾಯಿ ತರಲು ಬಿಡುತ್ತಿತ್ತು. ಅಲ್ಲಿನ ಸುಮಾರು 75 ಮಂದಿಯನ್ನು ಒಂದು ವಾರ ಗಮನಿಸಿದಾಗ, ನಾಯಿ ತಂದವರು ಹೇಳಿಕೊಂಡ ಒತ್ತಡ ದಿನ ಸರಿದಂತೆ ಇಳಿಯಿತು, ತರದವರದು ಏರಿತು. ನಾಯಿಯಿದ್ದೂ ಮನೆಯಲ್ಲಿ ಬಿಟ್ಟು ಬಂದ ದಿನ ಅದೇ ಮಂದಿಯ ಒತ್ತಡವೂ ಏರಿತು. ಬೆಳಗ್ಗೆ ಅಳೆದ ಕಾರ್ಟಿಸಾಲ್ ಮಟ್ಟದಲ್ಲಿ ಗುಂಪುಗಳ ನಡುವೆ ವ್ಯತ್ಯಾಸವಿರಲಿಲ್ಲ ಎಂಬುದನ್ನೂ ಜೊತೆಗೇ ಹೇಳಬೇಕು. ಮಿಷಿಗನ್ನಿನ ಇನ್ನೊಂದು ಪ್ರಯೋಗದಲ್ಲಿ ನಾಲ್ಕು ನಾಲ್ಕು ಮಂದಿಯ ಗುಂಪುಗಳಿಗೆ ಒಂದು ಕೆಲಸ ಒಪ್ಪಿಸಿದರು. ಕೋಣೆಯಲ್ಲಿ ನಾಯಿ ಇದ್ದ ಗುಂಪಿನವರು ತಮ್ಮ ಜೊತೆಗಾರರ ಮೇಲೆ ಹೆಚ್ಚು ನಂಬಿಕೆ ತೋರಿಸಿದರು. ಇವೆಲ್ಲ ಸಣ್ಣ ಗುಂಪುಗಳ ಮೇಲೆ ನಡೆದವು, ಅದೂ ನಾಯಿಯೆಂದರೆ ಇಷ್ಟಪಡುವವರೇ ಹೆಚ್ಚಿದ್ದ ಕಡೆ. ಎಲ್ಲೆಡೆಯೂ ಹೀಗೇ ಆಗುತ್ತದೆಂದು ಇವುಗಳ ಬಲದಿಂದ ಹೇಳಲಾಗದು. ಆದರೂ ಇವು ತೋರುವ ದಿಕ್ಕು ಒಂದೇ.

ಸಿಯಾಟಲ್‌ನ ಅಮೆಜಾನ್ ಕಂಪನಿಯ ಆರಂಭದ ದಿನಗಳಲ್ಲಿ ನೌಕರ ದಂಪತಿಯ ಜೊತೆ ಬರುತ್ತಿದ್ದ ರೂಫಸ್ ಎಂಬ ನಾಯಿಯ ಹೆಸರನ್ನು ಮುಂದೆ ಅಲ್ಲಿನ ಕಟ್ಟಡವೊಂದಕ್ಕೇ ಇಟ್ಟರು. 1999ರಿಂದ ಅಮೆರಿಕದಲ್ಲಿ ಜೂನ್ ತಿಂಗಳ ಒಂದು ದಿನ ನಾಯಿಯನ್ನು ಕೆಲಸಕ್ಕೆ ಕರೆತರುವ ದಿನವಾಗಿ ನಡೆದುಬಂದಿದೆ. ಬೆಂಗಳೂರಿನ ಕೆಲವು ಕಚೇರಿಗಳಲ್ಲಿ ಇದರ ಗಾಳಿ ಬೀಸಿದೆ. ಚಿಕ್ಕಬಳ್ಳಾಪುರದಿಂದ ದಿನವೂ ಬಸ್ಸು ರೈಲಿನಲ್ಲಿ ಬೆಂಗಳೂರಿಗೆ ಓಡಾಡುವ ನೌಕರರಿಗೆ ಇದು ಆಗದ ಮಾತು. ಎರಡು ಗಂಟೆಯ ನೂಕುನುಗ್ಗಲಿನ ಪ್ರಯಾಣಕ್ಕೆ ನಾಯಿಯನ್ನು ಎಳೆಯುವುದು ಯಾರಿಗೂ ಹಿತವಲ್ಲ. ಊರಿನಲ್ಲೇ ಇದ್ದು ಮನೆಯಿಂದ ಕೆಲಸ ಮಾಡುವವರಿಗೆ, ಸಣ್ಣ ಲೆಕ್ಕಪತ್ರದ ಕಚೇರಿ, ಗೊಬ್ಬರದ ಅಂಗಡಿ, ಟೈಲರ್ ಅಂಗಡಿ, ಪ್ರಿಂಟಿಂಗ್ ಪ್ರೆಸ್ಸು ನಡೆಸುವವರಿಗೆ ಇದು ಸಲೀಸು. ಮೂರು ನಾಲ್ಕು ಮಂದಿ ಇರುವ ಕಡೆ ಒಪ್ಪಿಗೆ ಪಡೆಯುವುದೂ ಸುಲಭ, ಪ್ರಾಣಿಗೂ ಎಲ್ಲರ ಪರಿಚಯವಿರುತ್ತದೆ.

ಪ್ರಾಣಿಯನ್ನು ಬಿಡಲೇಬಾರದ ಜಾಗಗಳೂ ಇವೆ. ಹೋಟೆಲಿನ ಅಡುಗೆಮನೆ, ಬೇಕರಿ, ಹಾಲಿನ ಡೇರಿಯ ಒಳಾವರಣದಂಥ ಆಹಾರ ತಯಾರಿಸುವ, ತುಂಬುವ ಜಾಗಗಳಿಗೆ ಸಾಕುಪ್ರಾಣಿ ಬರಕೂಡದೆಂದು ಆಹಾರ ಸುರಕ್ಷತೆಯ 2011ರ ನಿಯಮಾವಳಿಯೇ ಹೇಳುತ್ತದೆ. ಊರಿನ ಹಾಲಿನ ಸಂಘದ ಮುಂದೆ ಬೆಳಗ್ಗೆ ಸಂಜೆ ಕ್ಯಾನು ಹಿಡಿದವರ ಸಾಲಿನ ಜೊತೆಗೆ ನಾಯಿಯೂ ನಿಂತಿರುತ್ತದೆ. ಅದು ಮೆಟ್ಟಿಲ ಕೆಳಗೇ ಇರಬೇಕು. ಗಾರ್ಮೆಂಟ್ಸ್ ಕಾರ್ಖಾನೆಯ ಹೊಲಿಗೆ ಸಾಲುಗಳೂ ಪ್ರಾಣಿಗೆ ತಕ್ಕ ಜಾಗವಲ್ಲ. ಬೀದಿನಾಯಿಗಳ ವಿಷಯದಲ್ಲಿ ಕಾನೂನು ಈಚೆಗೆ ಬಿಗಿಯಾಗಿದೆ. 2025ರ ನವೆಂಬರ್ 7ರಂದು ಸುಪ್ರೀಂ ಕೋರ್ಟ್ ಶಾಲಾ ಕಾಲೇಜು, ಆಸ್ಪತ್ರೆ, ಕ್ರೀಡಾ ಸಂಕೀರ್ಣ, ಬಸ್ ನಿಲ್ದಾಣ, ರೈಲು ನಿಲ್ದಾಣಗಳ ಆವರಣದಿಂದ ಬೀದಿನಾಯಿಗಳನ್ನು ಹಿಡಿದು, ಸಂತಾನಹರಣ ಚಿಕಿತ್ಸೆ ಮತ್ತು ಲಸಿಕೆ ಮುಗಿಸಿ ಆಶ್ರಯತಾಣಕ್ಕೆ ಸಾಗಿಸಬೇಕು, ಹಿಡಿದ ಜಾಗಕ್ಕೇ ಮರಳಿ ಬಿಡಬಾರದು ಎಂದು ಆದೇಶಿಸಿತು. ಯಾರದೂ ಅಲ್ಲದ, ಎಲ್ಲರೂ ಬಿಸ್ಕೆಟ್ ಹಾಕುವ ನಾಯಿಯ ಪಾಡು ಇದು. ಹತ್ತು ಮಂದಿ ಪ್ರೀತಿಸಿದರೂ ಹೊಣೆ ಹೊರುವ ಒಬ್ಬರಿಲ್ಲದಿದ್ದರೆ ಕಷ್ಟಕಾಲದಲ್ಲಿ ಅದರ ಪರ ನಿಲ್ಲುವವರು ಸಿಗುವುದಿಲ್ಲ.

ಹೊಣೆಯ ಮೊದಲ ಮೆಟ್ಟಿಲು ಹುಚ್ಚುನಾಯಿ ರೋಗದ ಲಸಿಕೆ. ರೇಬೀಸ್‌ನ ಲಕ್ಷಣ ಕಾಣಿಸಿಕೊಂಡ ಮೇಲೆ ಬದುಕುವುದು ಇಲ್ಲವೆನ್ನುವಷ್ಟು ವಿರಳ. ಲೋಕದಲ್ಲಿ ಈ ರೋಗದಿಂದ ಸಾಯುವವರಲ್ಲಿ ಮೂರನೇ ಒಂದು ಪಾಲಿಗಿಂತ ಹೆಚ್ಚು ಮಂದಿ ಭಾರತದವರೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜಿಸಿದೆ. ಕರ್ನಾಟಕ ಸರ್ಕಾರ 2022ರಲ್ಲಿ ಮನುಷ್ಯರ ರೇಬೀಸನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ರೋಗಗಳ ಪಟ್ಟಿಗೆ ಸೇರಿಸಿತು. ಮರಿಗೆ ಮೂರು ತಿಂಗಳು ತುಂಬಿದಾಗ ಮೊದಲ ಚುಚ್ಚುಮದ್ದು, ಆಮೇಲೆ ವೈದ್ಯರು ಹೇಳಿದಂತೆ ಬೂಸ್ಟರ್, ಅಲ್ಲಿಂದ ವರ್ಷಕ್ಕೊಮ್ಮೆ. ಬೆಕ್ಕಿಗೂ ಇದು ಬೇಕು. ಇಷ್ಟಾದ ಮೇಲೂ ಕಚ್ಚಿದರೆ, ಪರಚಿದರೆ, ಗಾಯವನ್ನು ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಬೇಕು. ಸುಣ್ಣ, ಅರಿಶಿನ, ಕಾಫಿ ಪುಡಿ, ಖಾರದ ಪುಡಿ ಏನನ್ನೂ ಮೆತ್ತಬಾರದು. ಸರ್ಕಾರಿ ಆಸ್ಪತ್ರೆಯಲ್ಲಿ ಲಸಿಕೆ ಉಚಿತ. ಚರ್ಮದೊಳಗೆ ಕೊಡುವ ಕ್ರಮದಲ್ಲಿ ಅದೇ ದಿನ, ಮೂರನೆಯ, ಏಳನೆಯ, 28ನೆಯ ದಿನ ಹೀಗೆ ನಾಲ್ಕು ಸಲ. ಗಾಯ ಆಳವಾಗಿದ್ದರೆ ಇಮ್ಯುನೊಗ್ಲಾಬ್ಯುಲಿನ್ ಕೂಡ ಬೇಕಾಗುತ್ತದೆ. ಘಟಕದ ಗೋಡೆಯಲ್ಲಿ ಬೆಂಕಿ ಆರಿಸುವ ಸೂಚನೆಯ ಪಕ್ಕದಲ್ಲಿ ಈ ನಾಲ್ಕು ಸಾಲನ್ನೂ ಬರೆಸಿ ಹಾಕುವುದು ಒಳ್ಳೆಯದು.

ಎರಡನೆಯದು ಸಂತಾನಹರಣ. ಒಂದು ಹೆಣ್ಣು ನಾಯಿ ಎರಡು ವರ್ಷದಲ್ಲಿ ಅಂಗಳವನ್ನೇ ತುಂಬಿಬಿಡುತ್ತದೆ. ಆಮೇಲೆ ಮರಿಗಳನ್ನು ಚೀಲದಲ್ಲಿ ಕಟ್ಟಿ ಪಕ್ಕದೂರಿನ ಗಡಿಯಲ್ಲಿ ಬಿಟ್ಟುಬರುವ ಕ್ರೂರ ಪದ್ಧತಿ ಶುರುವಾಗುತ್ತದೆ. 2023ರ ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳಡಿ ಬೀದಿನಾಯಿಗಳಿಗೆ ಈ ಚಿಕಿತ್ಸೆ ಮಾಡಿಸುವುದು ಸ್ಥಳೀಯ ಸಂಸ್ಥೆಯ ಕೆಲಸ. ಚಿಕಿತ್ಸೆಯಾದ ನಾಯಿಯ ಗುರುತಿಗೆ ಕಿವಿಯ ಅಂಚನ್ನು ಸಣ್ಣಗೆ ಕತ್ತರಿಸಿರುತ್ತಾರೆ. ಸಾಕಿದ ನಾಯಿಯ ಹೊಣೆ ಮಾತ್ರ ಒಡೆಯನದೇ. ಅದು ಇತರರಿಗೆ ಅಪಾಯ ತಾರದಂತೆ ಎಚ್ಚರ ವಹಿಸದಿದ್ದರೆ ಭಾರತೀಯ ನ್ಯಾಯ ಸಂಹಿತೆಯ 291ನೇ ಕಲಮಿನಡಿ ಆರು ತಿಂಗಳವರೆಗೆ ಸೆರೆವಾಸ, 5,000 ರೂಪಾಯಿವರೆಗೆ ದಂಡ ಅಥವಾ ಎರಡೂ ಆಗಬಹುದು. ಬೆಕ್ಕಿನ ಮಲದಿಂದ ಟಾಕ್ಸೊಪ್ಲಾಸ್ಮೋಸಿಸ್ ಎಂಬ ಸೋಂಕು ಹರಡಬಲ್ಲದು. ಹೊಟ್ಟೆಯಲ್ಲಿರುವ ಕೂಸಿಗೆ ಅದರಿಂದ ಅಪಾಯವಿದೆ. ಹಾಗಾಗಿ ಬಸುರಿ ಹೆಂಗಸರಿಗೆ ಬೆಕ್ಕಿನ ಮಲ ತೆಗೆಯುವ ಕೆಲಸ ಹಚ್ಚಬಾರದು. ಇಲಿಗಳು ಕಡಿಮೆಯಾದರೆ ಇಲಿಜ್ವರದ ಭಯ ತಗ್ಗುವುದು ಬೆಕ್ಕಿನಿಂದಾಗುವ ಲಾಭದ ಕಡೆಗೆ ಸೇರುವ ಮಾತು.

ಮೂರನೆಯದು ಖರ್ಚು, ಮತ್ತು ಅದನ್ನು ಬರೆದಿಡುವುದು. 1868ರಲ್ಲಿ ಲಂಡನ್ನಿನ ಮನಿಯಾರ್ಡರ್ ಕಚೇರಿಯಲ್ಲಿ ಇಲಿಗಳು ಕಾಗದ ಪತ್ರ ಕಡಿಯುತ್ತಿದ್ದವೆಂದು ಮೂರು ಬೆಕ್ಕುಗಳನ್ನು ಇಟ್ಟುಕೊಂಡರು. ಅವುಗಳ ಊಟಕ್ಕೆ ವಾರಕ್ಕೆ ಒಂದು ಶಿಲಿಂಗ್ ಅಧಿಕೃತವಾಗಿ ಮಂಜೂರಾಯಿತು. ಮೊತ್ತ ಸಣ್ಣದು, ಕ್ರಮ ದೊಡ್ಡದು. ನಮ್ಮ ಪೊಲೀಸ್ ಶ್ವಾನದಳಗಳಲ್ಲೂ ಇದೇ ಶಿಸ್ತು: ನಾಯಿಗೆ ತನ್ನದೇ ಹ್ಯಾಂಡ್ಲರ್, ಗೊತ್ತಾದ ಊಟದ ಹೊತ್ತು, ವೈದ್ಯರ ತಪಾಸಣೆ, ನಿವೃತ್ತಿ. ಫಿಲೇಚರ್ ಮಾಲೀಕರೋ ಮಂಡಿ ಯಜಮಾನರೋ ತಿಂಗಳ ಖರ್ಚಿನ ಪುಸ್ತಕದಲ್ಲಿ ಪ್ರಾಣಿಯ ಹೆಸರಿಗೆ ಒಂದು ಸಾಲು ಬರೆದು, ಊಟ ಹಾಕುವವರು ಇಂಥವರೇ ಎಂದು ಗೊತ್ತು ಮಾಡಿದರೆ ಉಳಿದದ್ದೆಲ್ಲ ದಾರಿಗೆ ಬರುತ್ತದೆ. ನೀರಿನ ತೊಟ್ಟಿ, ನೆರಳು, ಮಲಗಲು ಗೋಣಿಚೀಲ, ಹಬ್ಬದ ರಜೆಯಲ್ಲಿ ಬಾಗಿಲು ಹಾಕಿದಾಗ ಊಟ ಹಾಕಲು ಒಬ್ಬರು. ಕಾಯಿಲೆ ಬಿದ್ದರೆ ತಾಲ್ಲೂಕು ಪಶು ಆಸ್ಪತ್ರೆಯಿದೆ, 1962ಕ್ಕೆ ಫೋನ್ ಮಾಡಿದರೆ ಪಶು ಸಂಜೀವಿನಿ ಸೇವೆಯೂ ಸಿಗುತ್ತದೆ.

ಘಟಕ ಮುಚ್ಚಿದಾಗ, ತೋಟ ಕೈಬದಲಾದಾಗ, ಬಾಡಿಗೆ ಕರಾರು ಮುಗಿದಾಗ ಪ್ರಾಣಿಯ ಗತಿಯೇನು ಎಂಬುದನ್ನೂ ಸಾಕುವ ದಿನವೇ ಮಾತಾಡಿಕೊಳ್ಳಬೇಕು. ಜಿಲ್ಲೆಯಲ್ಲಿ ರೇಷ್ಮೆ ಘಟಕಗಳು ದರದ ಏರಿಳಿತಕ್ಕೆ ಸಿಕ್ಕಿ ನಿಲ್ಲುವುದು, ಮತ್ತೆ ಶುರುವಾಗುವುದು ಅಪರೂಪವೇನಲ್ಲ. ಅಂಥ ಹೊತ್ತಿನಲ್ಲಿ ಕೆಲಸಗಾರರು ಬೇರೆ ಕಡೆ ಹೊರಟುಬಿಡುತ್ತಾರೆ, ನಾಯಿ ಬೀಗ ಹಾಕಿದ ಗೇಟಿನ ಮುಂದೆಯೇ ಉಳಿದು ಹಸಿವಿಗೆ ಬೀದಿನಾಯಿಯಾಗುತ್ತದೆ. ಊಟ ಹಾಕುತ್ತಿದ್ದವರ ಮನೆಗೆ, ಪಕ್ಕದ ತೋಟಕ್ಕೆ, ಇಲ್ಲವೇ ಅದನ್ನು ಬಲ್ಲ ಇನ್ನೊಂದು ಘಟಕಕ್ಕೆ ಒಪ್ಪಿಸಿ, ಲಸಿಕೆಯ ಪುಸ್ತಕವನ್ನೂ ಅದರ ಜೊತೆಗೇ ಕೊಡಬೇಕು.